ಹೋದ ಜನ್ಮಕ್ಕೊಂದು ಟವೆಲ್

ಹೋದ ಜನ್ಮ ನೋಡಿಕೊಂಡು ಬರಲು ಹೊರಟವರು ಮೊದಲು ಬಿಡಬೇಕಾದದ್ದು ಕಾಫಿ. ಚಾಮರಾಜನಗರದ ಮೇಡಂ ಇದನ್ನು ಮೊದಲ ಫೋನಿನಲ್ಲೇ ಹೇಳಿದ್ದರೆ, ನಾನು ಈ ಜನ್ಮದಲ್ಲೇ ಇದ್ದುಕೊಳ್ಳುತ್ತೇನೆ ಬಿಡಿ ಅಂದುಬಿಡುತ್ತಿದ್ದೆನೋ ಏನೋ. ಆದರೆ ಆಕೆ ಜಾಣೆ. ಮೊದಲು ದಿನ ಗೊತ್ತು ಮಾಡಿದರು, ಮುಂಗಡ ಹಾಕಿಸಿಕೊಂಡರು, ಆಮೇಲೆ ಒಂದೊಂದಾಗಿ ಷರತ್ತು ಬಿಚ್ಚಿದರು. ಕಾಫಿ ಇಲ್ಲ. ಬಿಗಿ ಬಟ್ಟೆ ಇಲ್ಲ. ಹಿಂದಿನ ದಿನ ಹೊಟ್ಟೆ ಬಿರಿಯ ಉಣ್ಣುವಂತಿಲ್ಲ. ನಾನೂ ವ್ಯಾಪಾರದಲ್ಲಿ ಹಾಗೇ ಮಾಡುವವನು. ಹಾಗಾಗಿ ಸಿಟ್ಟು ಬರಲಿಲ್ಲ. ಸರಿಯಾದವರ ಕೈಗೇ ಬಿದ್ದಿದ್ದೇನೆ ಅನ್ನಿಸಿತು.

ನನ್ನ ಕಸುಬಿನ ವಿಚಾರ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಕುದೇರಿನವನು. ಹೆಗಲ ಮೇಲೊಂದು ಟವೆಲ್ ಬಿಟ್ಟರೆ ಬೇರೇನೂ ಇಲ್ಲದೆ ಗುಂಡ್ಲುಪೇಟೆಗೆ ಬಂದೆ. ತೆರಕಣಾಂಬಿ ಸಂತೆಯಲ್ಲಿ ದನದ ದಲ್ಲಾಳಿಯಾದೆ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೂ ಟವೆಲ್ ಹೊದಿಸಿ, ಒಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಆಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು. ಬಿಟ್ಟು ಮತ್ತೆ ಹಿಡಿದರೆ ಅದರ ಮೇಲೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಮಾತ್ರ ಕಾಣುತ್ತದೆ. ಒಪ್ಪಿಗೆಯಾದರೆ ಹೆಬ್ಬೆರಳಿನಿಂದ ಎದುರಿನವರ ಅಂಗೈ ಒತ್ತಬೇಕು. ಒತ್ತಿದ ಮೇಲೆ ಮುಗಿಯಿತು. ಸಾಕ್ಷಾತ್ ಮಾದಪ್ಪನೇ ಇಳಿದು ಬಂದು ಕೇಳಿದರೂ ಆ ಮಾತು ಹಿಂದಕ್ಕೆ ಬರುವುದಿಲ್ಲ. ಇನ್ನೊಂದು ಸಂಗತಿಯನ್ನು ನೀವು ಯಾವ ವ್ಯಾಪಾರದಲ್ಲಿದ್ದರೂ ನೆನಪಿಡಿ: ಬೆರಳು ಆಡುವ ಮೊದಲ ಮಾತು ಯಾವತ್ತೂ ನಿಜದ ಮಾತಾಗಿರಬಾರದು.

ಈಗ ದನ ಬಿಟ್ಟು ಚೆಂಡುಹೂವು, ಬಾಳೆ, ಟೊಮೇಟೊಗೆ ಬಂದಿದ್ದೇನೆ. ಕೊಳ್ಳುವವರೆಲ್ಲ ಕೇರಳದವರು. ಅವರೇ ಕಾಡು ದಾಟಿ ಗುಂಡ್ಲುಪೇಟೆಗೆ ಬರುತ್ತಾರೆ, ನಾನು ಅವರಲ್ಲಿಗೆ ಹೋದದ್ದಿಲ್ಲ. "ಮಾರೋನು ಓಗ್ಬಾರ್ದು, ಕೊಳ್ಳೋನೇ ಬರ್ಬೇಕು" ಎಂದು ಮಂಡಿಯಲ್ಲಿ ಹೊಸಬರಿಗೆ ಬುದ್ಧಿ ಹೇಳುತ್ತೇನೆ. ಅದು ಒಳ್ಳೆಯ ಬುದ್ಧಿಯೇ. ಆದರೆ ಅದು ನನಗೆ ಬಂದದ್ದು ಬುದ್ಧಿಯಿಂದಲ್ಲ. ನನಗೆ ಕಾಡು ದಾಟಲು ಆಗುವುದಿಲ್ಲ.

ಹೇಗೆಂದರೆ, ಗುಂಡ್ಲುಪೇಟೆ ಬಿಟ್ಟು ಹೂವಿನ ಹೊಲಗಳ ನಡುವೆ ಬಸ್ಸು ಓಡುತ್ತಿರುವಷ್ಟು ಹೊತ್ತು ನಾನು ಹುಲಿ. ಚೆಕ್‌ಪೋಸ್ಟಿನ ಹಂಪ್ ಮೇಲೆ ಚಕ್ರ ಹತ್ತಿಳಿದು, ಎರಡೂ ಕಡೆ ಮರ ಕವಿದುಕೊಂಡವೋ, ಅಂಗೈ ತಣ್ಣಗಾಗಿ ಕಿವಿ ಗುಂಯ್ ಅನ್ನುತ್ತದೆ. ಬಸ್ಸು ನಿಲ್ಲಿಸಿ ಇಳಿದುಬಿಡುತ್ತೇನೆ. ಬಾಳೆಗೊನೆಯ ಲಾರಿ ಹತ್ತಿ ವಾಪಸ್ ಬಂದದ್ದೂ ಇದೆ. ಕಾರಣ? ಇಲ್ಲ. ಯಾವ ಆನೆಯೂ ನನ್ನನ್ನು ಅಟ್ಟಿಸಿಕೊಂಡು ಬಂದಿಲ್ಲ. ನಮ್ಮೂರಿನ ಜನ ಈ ಕಾಡನ್ನು ಹಿತ್ತಲಿನ ಹಾಗೆ ಬಳಸುತ್ತಾರೆ. ಬಟ್ಟೆ ಕೊಳ್ಳಲು ಕಾಡಿನಾಚೆ ಕೇರಳದ ಬತ್ತೇರಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ನನ್ನ ಹೆಂಡತಿ ಶ್ರಾವಣದ ಶನಿವಾರ ತಪ್ಪದೆ ಗೋಪಾಲಸ್ವಾಮಿ ಬೆಟ್ಟ ಹತ್ತುತ್ತಾಳೆ. ನಾನು ಹಂಗಳದ ಟೀ ಅಂಗಡಿಯಲ್ಲಿ ಕುಳಿತು, ಬೆಟ್ಟದ ಕಡೆಗೆ ಕೈ ಮುಗಿದು, ಇನ್ನೊಂದು ವಡೆ ಹೇಳುತ್ತೇನೆ.

ಹೀಗೇ ಕಾಲ ಹಾಕಬಹುದಿತ್ತು. ಆದರೆ ಮಗಳನ್ನು ಬತ್ತೇರಿಗೆ ಕೊಟ್ಟೆ. ಅಳಿಯನಿಗೆ ಅಲ್ಲಿನ ಬ್ಯಾಂಕಿನಲ್ಲಿ ಕೆಲಸ. ಮದುವೆ ಗುಂಡ್ಲುಪೇಟೆಯಲ್ಲೇ ಮಾಡಿದೆ, ಹೆರಿಗೆಗೂ ಅವಳೇ ತವರಿಗೆ ಬಂದಳು, ಹಬ್ಬಕ್ಕೂ ಅವಳೇ ಬರುತ್ತಾಳೆ. ಅವಳ ಮನೆಯಲ್ಲಿ ನಾನು ಒಂದು ಲೋಟ ನೀರು ಕುಡಿದಿಲ್ಲ. ಈ ವರ್ಷ ಅವರು ಸ್ವಂತ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ಮೊದಲು ಹಸು ಒಳಗೆ ಹೋಗಬೇಕು, ಮಗಳ ಮನೆಯಾದರೆ ಆ ಹಸುವಿನ ಹಗ್ಗವನ್ನು ತವರಿನವರು ಹಿಡಿಯಬೇಕು. ಇದು ನಮ್ಮಲ್ಲಿ ನಡೆದುಕೊಂಡು ಬಂದದ್ದು.

ಅವಳು ಫೋನ್ ಮಾಡಿದಳು. "ಅಪ್ಪಾ, ಹಸ ಇಲ್ಲೇ ಪಕ್ಕದ್ ಮನೇಲದೆ. ಕರಾನೂ ಅದೆ. ಹಗ್ಗ ಹಿಡಿಯೋ ಕೈ ಒಂದು ನಿಂದಾದ್ರೆ ಸಾಕು."

"ನಿನ್ ಸೋದರಮಾವನ್ನ ಕಳುಸ್ತೀನಿ ಕಣಮ್ಮಿ" ಅಂದೆ.

"ಊರೆಲ್ಲಾ ದನ ಹಿಡಿದೋನು ನೀನು, ನನ್ ಮನೆಗೆ ಮಾವ ಬರ್ಬೇಕಾ? ನೀನು ಬರ್ದಿದ್ರೆ ಹಸನೂ ಬ್ಯಾಡ. ನಾನೇ ಹಾಲುಕ್ಕಿಸ್ಕಂಡು ಒಳಿಕ್ಕೋಗ್ಬುಡ್ತೀನಿ."

ಜಗಳದ ದನಿಯಾಗಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ದಲ್ಲಾಳಿಗೆ ಗೊತ್ತಿರುತ್ತದೆ, ಮೆಲ್ಲಗೆ ಹೇಳಿದ ಬೆಲೆ ಇಳಿಯುವುದಿಲ್ಲ.

ಹೋದ ಜನ್ಮದ ದಾರಿ ತೋರಿಸಿದವಳೂ ಅವಳೇ. ಕಾರಣ ಗೊತ್ತಿಲ್ಲದ ಹೆದರಿಕೆಗಳನ್ನು ಪೂರ್ವಜನ್ಮದವರೆಗೂ ಹೋಗಿ ಬಿಡಿಸುವ ಒಬ್ಬ ಮೇಡಂ ಚಾಮರಾಜನಗರದಲ್ಲಿದ್ದಾರಂತೆ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರಂತೆ. ನನಗೆ ಇದು ಲೆಕ್ಕಕ್ಕೆ ಸರಿಯಾಗಿಯೇ ಕಂಡಿತು. ಬೇಕಾದ ಸಾಮಾನು ಈ ಅಂಗಡಿಯಲ್ಲಿ ಇಲ್ಲ ಅಂದರೆ ಪಕ್ಕದ ಅಂಗಡಿಯಲ್ಲಿ ವಿಚಾರಿಸುವುದಿಲ್ಲವೇ? ಗೃಹಪ್ರವೇಶಕ್ಕೆ ಇನ್ನೂ ಸಮಯವಿತ್ತು. ಫೋನ್ ಹಚ್ಚಿದೆ.

"ಮೇಡಂ, ಪೂರ್ತಿ ಜನ್ಮ ನನಗೆ ಬ್ಯಾಡ. ಕಾಡಿನ ಭಾಗ ಒಂದು ತೋರ್ಸಿದ್ರೆ ಸಾಕು. ಅದುಕ್ಕೆ ಎಷ್ಟಾಯ್ತದೆ?"

"ಹಾಗೆಲ್ಲ ಬಿಡಿಬಿಡಿಯಾಗಿ ಬರಲ್ಲ ಸರ್."

"ಬಾಲ್ಯ ಬುಟ್ಬುಡಿ. ಮದ್ವೆನೂ ಬುಟ್ಬುಡಿ."

"ಸರ್, ಮನಸ್ಸು ಎಲ್ಲಿಗೆ ಕರ್ಕೊಂಡು ಹೋಗತ್ತೋ ಅಲ್ಲಿಗೆ ನಾವು ಹೋಗೋದು."

"ಅಂಗಾದ್ರೆ ಒಂದೇ ಫೀಜಿಗೆ ಎರಡು ಜನ್ಮ ಬಂದ್ರೆ?"

ಮೇಡಂ ನಕ್ಕುಬಿಟ್ಟರು. ಎದುರಿನವರು ನಕ್ಕರೆ ಅರ್ಧ ವ್ಯಾಪಾರ ಆದ ಹಾಗೆ. ಫೀಜು ಮಾತ್ರ ಒಂದು ಕಾಸೂ ಇಳಿಯಲಿಲ್ಲ. ಆದರೆ ಹೆಂಡತಿಯನ್ನು ಕರೆದುಕೊಂಡು ಬರಬಹುದು, ಅವಳು ಮೂಲೆಯ ಕುರ್ಚಿಯಲ್ಲಿ ಕೂತಿರಬಹುದು ಎಂಬುದನ್ನು ಗಿಟ್ಟಿಸಿಕೊಂಡೆ. ನೀವು ಹೋಗುವುದಾದರೂ ಇದನ್ನು ಕೇಳಿ ಪಡೆಯಿರಿ. ಗೊತ್ತಿಲ್ಲದ ಊರಿಗೆ ಹೋಗುವಾಗ ದಾರಿ ನೆನಪಿಟ್ಟುಕೊಳ್ಳುವವರು ಒಬ್ಬರು ಜೊತೆಗಿರಬೇಕು.

ಸುದ್ದಿ ಮಂಡಿಯಲ್ಲಿ ಹಬ್ಬಿತು. ಸಂತೆಯ ಕಾಲದಿಂದ ನನ್ನ ಜೊತೆಗಿರುವ ಇನ್ನೊಬ್ಬ ದಲ್ಲಾಳಿ, ಈಗ ನನ್ನ ಪಕ್ಕದ ಮಳಿಗೆಯಲ್ಲೇ ಈರುಳ್ಳಿ ಮಾರುವವನು, ಟೀ ಹಿಡಿದು ಬಂದು ಕುಳಿತ.

"ಏನ್ಲಾ, ಓದ್ ಜನ್ಮಕ್ಕೆ ಒಂಟಿದ್ದೀಯಂತೆ?"

"ಊ ಕಣ್ಲಾ."

"ನಂಗೊತ್ತು ನೀನು ಏನಾಗಿದ್ದೆ ಅಂತ. ಓರಿಯಾಗಿದ್ದೆ. ಯಾರೋ ಕಾಡಿನ ದಾರೀಲಿ ಒಡ್ಕಂಡೋಗಿ ಮಾರ್ಬುಟ್ಟವ್ರೆ."

"ಓರಿಯಾಗಿದ್ರೆ ಒಳ್ಳೆ ಬೆಲೆಗೇ ಓಗಿರ್ತೀನಿ ಬುಡು."

"ಎಲ್ಲಿ ಓದಾತು! ಅಲ್ಲು ನೋಡಿದ್ರಲ್ಲಾ ಕೊಳ್ಳೋರು" ಅಂದು, ದನದ ಹಲ್ಲು ನೋಡಿ ವಯಸ್ಸು ಹೇಳುವವರ ಹಾಗೆ ನನ್ನ ತುಟಿ ಎತ್ತಿ ನೋಡಲು ಬಂದ. ಟೀ ಇಬ್ಬರ ಮೈಮೇಲೂ ಚೆಲ್ಲಿತು. ನಾನು ಟೀಯನ್ನೂ ಬಿಟ್ಟಿದ್ದೆ, ಹಾಗಾಗಿ ಚೆಲ್ಲಿದ್ದರ ವಾಸನೆಯನ್ನೇ ಆದಷ್ಟು ಹೊತ್ತು ಎಳೆದುಕೊಂಡೆ.

ಮನೆಯಲ್ಲಿ ನನಗಿಂತ ಹೆಂಡತಿಗೇ ಹುರುಪು ಜಾಸ್ತಿ. ಸಡಿಲ ಬಟ್ಟೆ ಬೇಕೆಂದು ಬಿಳಿ ಪಂಚೆ, ಜುಬ್ಬ ಒಗೆದು ನೀಲಿ ಹಾಕಿದಳು. "ಹಿಂದುಕ್ಕೆ ಓಗಿ ಅಲ್ಲಿ ಇನ್ಯಾವಳಾದ್ರೂ ಎಡ್ತಿ ಸಿಕ್ಕುದ್ರೆ ನಂಬರ್ ಇಸ್ಕಬನ್ನಿ" ಅಂದಳು.

"ಯಾಕೆ?"

"ನಿಮ್ ಗೊರಕೆಗೆ ಅವಳು ಏನು ಮಾಡ್ತಿದ್ಲು ಅಂತ ಕೇಳನ ಅಂತ."

ಮೇಡಂ ಅಭ್ಯಾಸಕ್ಕೆಂದು ವಾಟ್ಸಾಪಿನಲ್ಲಿ ಒಂದು ಆಡಿಯೋ ಕಳಿಸಿದ್ದರು. ಕಣ್ಣು ಮುಚ್ಚಿ, ಮೆಟ್ಟಿಲು ಇಳಿಯಿರಿ, ಕೆಳಗೊಂದು ಬಾಗಿಲಿದೆ, ಬೆಳಕಿದೆ. ನಾನು ಮೆಟ್ಟಿಲು ಇಳಿಯಲು ಶುರುಮಾಡಿದರೆ ಕೆಳಗಿನ ಬಾಗಿಲು ಮುಟ್ಟಿದ್ದೇ ಇಲ್ಲ, ನಡುವೆಯೇ ನಿದ್ದೆ. ಹೆಂಡತಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಅದೇ ಆಡಿಯೋ ಕೇಳಿ ಸಲೀಸಾಗಿ ಇಳಿದುಬಿಟ್ಟಳು. ಬಾಗಿಲು ತೆಗೆದರೆ ಆ ಕಡೆ ಕುದುರೆಯಂತೆ, ಅವಳದೇ ಕುದುರೆಯಂತೆ. "ಓಡುಸ್ದೆ ಕಣ್ರೀ, ಎಂಗೆ ಓಡುಸ್ದೆ ಅಂತೀರಿ!" ಸುಲಿದ ಕಾಳೆಲ್ಲ ಸೆರಗಿನಿಂದ ನೆಲದ ಪಾಲಾಗಿತ್ತು. ನನಗೆ ಹೊಟ್ಟೆ ಉರಿಯಿತು. ಮುಂಗಡ ಕೊಟ್ಟವನು ನಾನು, ಸವಾರಿ ಮಾಡಿದವಳು ಅವಳು.

ಮುಖ್ಯ ಸೆಷನ್ನಿಗೆ ಮೊದಲು ಒಂದು ಪರಿಚಯದ ಭೇಟಿ ಇರುತ್ತದೆ. ಅದಕ್ಕೆ ನಾವಿಬ್ಬರೂ ಚಾಮರಾಜನಗರಕ್ಕೆ ಹೋದೆವು. ಆ ದಾರಿಯಲ್ಲಿ ಕಾಡಿಲ್ಲ, ಬಸ್ಸಿನಲ್ಲಿ ಹಾಡು ಗುನುಗಿಕೊಂಡೇ ಹೋದೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ತಿಳಿ ಹಸಿರು ಬಣ್ಣದ ಕೋಣೆ, ಒರಗುವ ಕುರ್ಚಿ. ಮೇಡಂ ಕನ್ನಡಕದೊಳಗಿಂದ ಮಕ್ಕಳನ್ನು ನೋಡುವ ಹಾಗೆ ನೋಡಿದರು. ಚಳಿಯಾದರೆ ಹೊದೆಯಲು ಏನಾದರೂ ತನ್ನಿ ಎಂದಿದ್ದರು. ಹೆಂಡತಿ ಚೀಲದಿಂದ ತೆಗೆದದ್ದು ಶಾಲಲ್ಲ. ನನ್ನ ಸಂತೆಯ ಕಾಲದ ಹಳೆಯ ಟವೆಲ್.

ಮೇಡಂ ವಿವರಿಸಿದರು. "ಆಳಕ್ಕೆ ಇಳಿದಾಗ ಮಾತಾಡೋಕೆ ನಾಲಿಗೆ ಏಳಲ್ಲ. ಆಗ ಬೆರಳಲ್ಲಿ ಉತ್ತರ ಕೊಡಿ. ಹೌದು ಅಂದ್ರೆ ತೋರುಬೆರಳು, ಇಲ್ಲ ಅಂದ್ರೆ ಹೆಬ್ಬೆರಳು. ಎಷ್ಟು ಅಂತ ಕೇಳಿದ್ರೆ ಅಷ್ಟು ಬೆರಳು. ಯೋಚನೆ ಮಾಡ್ಬೇಡಿ, ಬೆರಳು ತಾನಾಗೇ ಏಳತ್ತೆ."

ನನಗೆ ಎಷ್ಟು ಖುಷಿಯಾಯಿತೆಂದರೆ, ಕುರ್ಚಿಯಲ್ಲಿ ಎದ್ದು ಕುಳಿತೆ. ಕಾಫಿ ಬಿಡುವುದು ಗೊತ್ತಿಲ್ಲ, ಮೆಟ್ಟಿಲು ಇಳಿಯುವುದು ಗೊತ್ತಿಲ್ಲ, ಆದರೆ ಬೆರಳಲ್ಲಿ ಮಾತಾಡುವುದು! ಇಡೀ ಜಿಲ್ಲೆಯಲ್ಲಿ ಇದಕ್ಕೆ ನನ್ನಷ್ಟು ತಯಾರಾಗಿ ಬಂದವರು ಇನ್ನೊಬ್ಬರಿರಲಿಕ್ಕಿಲ್ಲ. ಒರಗಿದೆ. ಸಣ್ಣ ಅಲುಗಾಟವೂ ತಿಳಿಯಲಿ ಎಂದು ಮೇಡಂ ನನ್ನ ಕೈಯಡಿಗೆ ತಮ್ಮ ಕೈ ಇಟ್ಟರು. ಬೆತ್ತಲೆ ಕೈ ಎದುರಿನವರ ಕೈಯಲ್ಲಿರುವುದು ನನಗೆ ಸರಿಬರದು. ಟವೆಲ್ ಎಳೆದು ಎರಡರ ಮೇಲೂ ಹೊದಿಸಿದೆ. ಮೇಡಂ ಮೆಲುದನಿಯಲ್ಲಿ ಮೆಟ್ಟಿಲು ಇಳಿಸಿದರು. ಈ ಸಲ ನಿದ್ದೆ ಬರಲಿಲ್ಲ. ಮೈ ಹಗುರವಾಗಿ, ಹತ್ತಿ ಮೂಟೆಯ ಮೇಲೆ ಮಲಗಿದ ಹಾಗಾಯಿತು.

"ನಿಮಗೊಬ್ಬ ಮಗಳಿದ್ದಾಳಾ?"

ಹೆಬ್ಬೆರಳು ಎದ್ದಿತು. ಇಲ್ಲ.

ಮೂಲೆಯ ಕುರ್ಚಿ ಕಿರ್ ಎಂದಿತು.

"ಕಾಫಿ ಪೂರ್ತಿ ಬಿಟ್ಟಿದ್ದೀರಾ?"

ತೋರುಬೆರಳು. ಹೌದು.

"ಸುಳ್ಳು ಮೇಡಂ" ಮೂಲೆಯಿಂದ ಹೆಂಡತಿಯ ದನಿ. "ಬಸ್‌ಸ್ಟಾಂಡಲ್ಲಿ ಕುಡುದ್ರು."

"ಶ್. ಕಾಡಿನ ಹೆದರಿಕೆ ಹತ್ತರಲ್ಲಿ ಎಷ್ಟಿದೆ? ತೋರ್ಸಿ."

ನನ್ನ ಕೈ ತಾನಾಗಿಯೇ ತಿರುಗಿ ಮೇಡಂ ಅವರ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿಯಿತು.

"ಎರಡಾ? ಬರೀ ಎರಡಕ್ಕೆ ಇಷ್ಟು ದೂರ ಬಂದ್ರಾ?"

ಆಗ ಹತ್ತಿ ಮೂಟೆಯ ಮೇಲಿನಿಂದ, ಕಣ್ಣು ಬಿಡದೆ ನಾನು ಅಂದೆನಂತೆ: "ಅದು ಮೊದುಲ್ನೇ ಮಾತು ಮೇಡಂ. ನೀವು ಏರ್ಸಿ."

ಹೆಂಡತಿ ನಕ್ಕ ರಭಸಕ್ಕೆ ನಾನು ಮೆಟ್ಟಿಲನ್ನೆಲ್ಲ ಒಂದೇ ನೆಗೆತಕ್ಕೆ ಹತ್ತಿ ಬಂದೆ. ಏನಾಯಿತೆಂದು ಅವಳು ಮೇಡಂ ಅವರಿಗೆ ಬಿಡಿಸಿ ಹೇಳಿದಳು. ಸಂತೆ, ಟವೆಲ್, ಮೊದಲ ಮಾತು ಎಲ್ಲ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮ ಹತ್ರ ಬರೋ ಎಲ್ಲರಿಗೂ ಬಾಯಿ ಸುಳ್ಳು ಹೇಳತ್ತೆ, ಬೆರಳು ನಿಜ ಹೇಳತ್ತೆ. ನಿಮಗೆ ಉಲ್ಟಾ ಸರ್. ಬೆರಳು ಲೆಕ್ಕ ಹಾಕದೆ ಮಾತಾಡೋದು ಕಲೀಲಿ. ಮನೇಲಿ ಇವರ ಜೊತೆ ಅಭ್ಯಾಸ ಮಾಡಿ. ಸೆಷನ್ ಮುಂದಕ್ಕೆ ಹಾಕೋಣ."

ಮುಂದಕ್ಕೆ ಹಾಕಿದ ಸೋಮವಾರ ಗೃಹಪ್ರವೇಶದ ಆಚೆಗೆ ಬಿತ್ತು. ಅದಕ್ಕೆ ಮೊದಲು ಮೇಡಂ ಅವರಿಗೆ ಬಿಡುವಿರಲಿಲ್ಲ. ಎಷ್ಟು ಎಳೆದಾಡಿದರೂ ಆಕೆ ಜಗ್ಗಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದಾಗ ನನ್ನ ನಗು ನಿಂತುಹೋಗಿತ್ತು. ಹಸುವಿನ ಪಕ್ಕದಲ್ಲಿ ಹಗ್ಗ ಹಿಡಿಯುವವರಿಲ್ಲದೆ ಮಗಳು ಒಬ್ಬಳೇ ಹಾಲಿನ ಪಾತ್ರೆ ಹಿಡಿದು ಒಳಗೆ ಹೋಗುವುದು ಕಣ್ಣಿಗೆ ಕಟ್ಟಿತು. ಹೆಂಡತಿ ಮಾತ್ರ ದಾರಿಯುದ್ದಕ್ಕೂ "ನೀವು ಏರ್ಸಿ" ಎಂದು ಒಬ್ಬಳೇ ಹೇಳಿಕೊಂಡು ನಗುತ್ತಿದ್ದಳು. ತೆರಕಣಾಂಬಿ ಬರುವಷ್ಟರಲ್ಲಿ ನನಗೂ ತಡೆಯಲಾಗಲಿಲ್ಲ.

ಅಭ್ಯಾಸ ಶುರುವಾಯಿತು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಚಾಪೆ, ಫೋನಿನಲ್ಲಿ ಮೇಡಂ ದನಿ, ನನ್ನ ಕೈ, ಅವಳ ಕೈ, ಮೇಲೆ ಟವೆಲ್. ಮೊದಮೊದಲು ಅವಳು ಸುಲಭದ ಪ್ರಶ್ನೆ ಕೇಳುತ್ತಿದ್ದಳು.

"ಇವತ್ತು ಉಪ್ಸಾರು ಚೆನ್ನಾಗಿತ್ತಾ?"

ತೋರುಬೆರಳು.

"ನಿಜ ಯೋಳಿ."

ಹೆಬ್ಬೆರಳು.

ಪೆಟ್ಟು ಬಿತ್ತು. ನಿಜ ಹೇಳಿಸುವ ಅಭ್ಯಾಸವನ್ನು ನೀವೂ ಮನೆಯಲ್ಲಿ ಮಾಡುವುದಾದರೆ ಅಡುಗೆಯಿಂದ ಶುರು ಮಾಡಬೇಡಿ.

ಆದರೂ ದಿನ ಕಳೆದ ಹಾಗೆ ಬೆರಳು ಹದಕ್ಕೆ ಬಂತು. ಸಂತೆಯಲ್ಲಿ ಅದು ಯಾವಾಗಲೂ ಬಿಗಿದುಕೊಂಡೇ ಇರುತ್ತಿತ್ತು, ಬಿಗಿ ಬಿಡುವುದನ್ನು ಈಗ ಕಲಿಯಿತು. ಒಂದು ಮಧ್ಯಾಹ್ನ, ಗೃಹಪ್ರವೇಶ ತೀರ ಹತ್ತಿರ ಬಂದಿದ್ದಾಗ, ನಾನು ಮೆಟ್ಟಿಲು ಇಳಿದು ಬಾಗಿಲನ್ನೂ ಮುಟ್ಟಿದ್ದೆ. ದೂರದಲ್ಲೆಲ್ಲೋ ಹೆಂಡತಿ ಕೇಳಿದಳು.

"ಎದ್ರಿಕೆ ಎಷ್ಟದೆ?"

ನನ್ನ ಕೈ ಅವಳ ಪೂರ್ತಿ ಕೈ ಹಿಡಿಯಿತು. ಬಿಟ್ಟಿತು. ಮತ್ತೆ ಪೂರ್ತಿ ಹಿಡಿಯಿತು. ಹತ್ತು. ನನ್ನ ಕೈ ಮೊದಲ ಮಾತಿಗೇ ನಿಜ ಹೇಳಿದ್ದು ಅದೇ ಮೊದಲು.

ಅವಳು ನಗಲಿಲ್ಲ. "ನಾನು ಪಕ್ದಲ್ಲಿದ್ರೆ?" ಅಂದು ನನ್ನ ಬೆರಳು ಹಿಡಿದಳು. ಐದು, ಅದರ ಮೇಲೆ ಮೂರು. ಎಂಟು.

ಅವಳ ಹಿಡಿತ ದಲ್ಲಾಳಿಯ ಹಿಡಿತದ ಹಾಗೇ ಇತ್ತು. ಕಲಿಸಿದವನು ನಾನೇ. ಮದುವೆಯಾದ ಹೊಸತರಲ್ಲಿ ಕೂಡು ಕುಟುಂಬ, ಮನೆ ತುಂಬ ಜನ. ಸಂತೆಯಿಂದ ಬಂದು ಅವತ್ತಿನ ವ್ಯಾಪಾರ ಅವಳಿಗೆ ಹೇಳಬೇಕೆನಿಸಿದರೆ ಬಾಯಿ ಬಿಡುವಂತಿರಲಿಲ್ಲ. ಊಟದ ತಟ್ಟೆ ಇಸಿದುಕೊಳ್ಳುವ ನೆಪದಲ್ಲಿ ಅವಳ ಬೆರಳು ಹಿಡಿದು ಹೇಳುತ್ತಿದ್ದೆ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಎಂಟಕ್ಕೆ ನನ್ನ ಕೈ ಒಂಬತ್ತು ಅಂದಿತು.

"ಕಿಟ್ಕಿ ನಂಗೆ. ನೀವು ಕಣ್ಣು ಮುಚ್ಕಂಡಿರಿ."

ಎಂಟು.

"ನಿಂಬೆಅಣ್ಣು ತಕ್ಕತ್ತೀನಿ."

ಏಳು.

"ಆ ಕಡೆ ಬಸ್‌ಸ್ಟಾಂಡಲ್ಲಿ ಮಗಳು ನಿಂತಿರ್ತಾಳೆ."

ನನ್ನ ಕೈ ಸುಮ್ಮನಿತ್ತು.

"ಆರಕ್ಕೆ ಮುಗ್ಸನ?" ಅಂದಳು.

ನನ್ನ ಹೆಬ್ಬೆರಳು ಅವಳ ಅಂಗೈ ಒತ್ತಿತು.

ಮರುಕ್ಷಣವೇ ಟವೆಲ್ ಹಾರಿತು. ಅವಳು ಎದ್ದು ನಿಂತು ಎರಡೂ ಕೈ ತಟ್ಟಿದಳು. "ಆಯ್ತು! ವ್ಯಾಪಾರ ಆಯ್ತು! ಗೃಹಪ್ರವೇಶುಕ್ಕೆ ಇಬ್ರೂ ಒಂಟ್ವಿ!"

"ಲೇ, ನಾನು ಮಂಪರಲ್ಲಿದ್ದೆ ಕಣೇ!"

"ಸಂತೇಲಿ ಅಂಗಂತಿದ್ರಾ?"

"ಇದು ಅಭ್ಯಾಸ!"

"ಒತ್ತುದ್ರಾ ಇಲ್ವಾ?"

ಪಂಚಾಯ್ತಿಗೆ ಈರುಳ್ಳಿಯವನನ್ನು ಕರೆದೆವು. ಅವನು ಗಂಭೀರವಾಗಿ ಚಾಪೆಯ ಮೇಲೆ ಕುಳಿತ, ಎರಡೂ ಕಡೆಯದು ಕೇಳಿದ, ಟವೆಲನ್ನು ಮುಟ್ಟಿ ನೋಡಿದ.

"ಒತ್ತುದ್ಯಾ?"

"ಒತ್ತುದ್ದೆ. ಆದ್ರೆ..."

"ಆದ್ರೆ ಗೀದ್ರೆ ಇಲ್ಲ ಕಣ್ಲಾ. ಒತ್ತುದ್ಮೇಲೆ ಮುಗೀತು. ಓಗ್ಬುಟ್ಟು ಬಾ." ಎದ್ದು ಹೊರಡುವಾಗ ನನ್ನ ಹೆಂಡತಿಗೆ ಕೈ ಮುಗಿದ. "ಅಕ್ಕಾ, ನೀನು ಸಂತೆಗೆ ಬಂದಿದ್ರೆ ನಾವಿಬ್ರೂ ಊರು ಬುಡ್ಬೇಕಾಗಿತ್ತು."

ಇಷ್ಟು ವರ್ಷ ಕೊಳ್ಳುವವರ ಬೆವರಿಳಿಸಿದ ನನ್ನನ್ನು ಜಗಲಿಯ ಮೇಲೆ, ಊಟವಾದ ಹೊತ್ತಿನಲ್ಲಿ ಕಟ್ಟಿಹಾಕಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅಂಥಾ ಕೈಚಳಕ ನೋಡಿದರೆ ಸೋತವನಿಗೂ ಸಂತೋಷವೇ.

ಗೃಹಪ್ರವೇಶದ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೊರಟೆವು. ಅವಳು ಕಿಟಕಿಗೆ, ನಾನು ಪಕ್ಕಕ್ಕೆ, ನಮ್ಮ ತೊಡೆಗಳ ಮೇಲೆ ಟವೆಲ್, ಒಳಗೆ ಎರಡು ಕೈ. ಎದುರಿನ ಸೀಟಿನ ಮಲಯಾಳಿ ಹೆಂಗಸು ತಿರುಗಿ ನೋಡಿದಳು. ಮುದುಕ ಮುದುಕಿ ಟವೆಲ್ ಮುಚ್ಚಿಕೊಂಡು ಕೈ ಹಿಡಿದಿದ್ದಾರೆ. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ಕಿಲಕಿಲ ನಕ್ಕರು. "ಏನಂತೆ?" ಅಂದೆ. "ನೀವು ಕಣ್ಣು ಮುಚ್ಕಳಿ" ಅಂದಳು ನನ್ನವಳು, ಅವಳ ಕಿವಿಯೂ ಕೆಂಪಾಗಿತ್ತು.

ಹೂವಿನ ಹೊಲ ಮುಗಿದವು. ಹಂಪ್ ಬಂತು. ಚಕ್ರ ಹತ್ತಿಳಿಯಿತು. ಗಾಳಿ ತಣ್ಣಗಾಯಿತು, ಅಂಗೈಯೂ. ಕಿವಿ ಗುಂಯ್ ಅನ್ನತೊಡಗಿತು. ನಾನು ಅವಳ ಕೈಯನ್ನು ಎರಡು ಸಲ ಪೂರ್ತಿ ಹಿಡಿದೆ: ಹತ್ತು! ಅವಳು ನಿಧಾನವಾಗಿ ತಿರುಗಿ ಹಿಡಿದಳು: ಆರು. ಮತ್ತೆ ಹತ್ತು ಅಂದೆ. ಅವಳು ನನ್ನ ಕಿವಿಯಲ್ಲಿ ಅಂದಳು, "ಆರಕ್ಕೆ ಒತ್ತಿದ್ದೀರಿ. ಮುಗುದ್ಮೇಲೆ ಏರ್ಸಂಗಿಲ್ಲ."

ಅದು ನ್ಯಾಯವಾದ ಮಾತು. ಕಿವಿ ಗುಂಯ್ ಅನ್ನುತ್ತಿರುವಾಗಲೇ ನನಗೆ ನಗು ಬಂದುಬಿಟ್ಟಿತು. ಹೆದರಿಕೆ, ನಗು ಎರಡೂ ಒಟ್ಟಿಗೆ ಬಂದರೆ ಮನುಷ್ಯ ಬಿಕ್ಕಳಿಸುತ್ತಾನೆ ಎಂದು ಅವತ್ತು ತಿಳಿಯಿತು. ನಿಂಬೆಹಣ್ಣು ಮೂಸಿದೆ, ಬಿಕ್ಕಳಿಸಿದೆ, ನಕ್ಕೆ, ಬೆವೆತೆ. ಮಲಯಾಳಿ ಹೆಂಗಸು ನೀರಿನ ಬಾಟಲಿ ಕೊಟ್ಟಳು. ಕುಡಿಯಲು ಕಣ್ಣು ಬಿಡಬೇಕಾಯಿತು.

ಬಿಟ್ಟರೆ ಜಿಂಕೆಗಳು. ರಸ್ತೆ ಬದಿಯಲ್ಲಿ ತೆರಕಣಾಂಬಿಯ ಆಡುಗಳ ಹಾಗೆ ನಿಂತು ಹುಲ್ಲು ಮೇಯುತ್ತಿವೆ. ಹಸಿರು ಅಂಗಿಯ ಅರಣ್ಯ ವಾಚರ್ ಒಬ್ಬ ಕೋಲಿಗೆ ಗದ್ದ ಆನಿಸಿ ಬಾಯಗಲ ಆಕಳಿಸುತ್ತಿದ್ದಾನೆ. ಇನ್ನೂ ಮುಂದೆ ಬಿದಿರ ಮೆಳೆಯ ಪಕ್ಕ ಒಂದು ಹೆಣ್ಣಾನೆ. ಇಡೀ ಬಸ್ಸು ಮೊಬೈಲ್ ಎತ್ತಿತು. ನಾನು ನನಗರಿವಿಲ್ಲದೆ ಅದರ ಸೊಂಟ, ಕಾಲು, ನಡಿಗೆ ನೋಡಿದೆ.

"ಪ್ರಾಯ ಆಗದೆ" ಅಂದೆ. "ಇಂದ್ಗಡೆ ಎಡಗಾಲು ಒಸಿ ಎಳೀತದೆ. ಯೋಳುದ್ ಬೆಲೆಗೆ ಓಗಕ್ಕಿಲ್ಲ."

ಹೆಂಡತಿ ಕಿಟಕಿಗೆ ಹಣೆ ಆನಿಸಿ ನಕ್ಕ ನಗುವಿಗೆ ಗಾಜಿನ ಮೇಲೆ ಹಬೆ ಕಟ್ಟಿತು. ಟವೆಲೊಳಗೆ ಅವಳು ಕೇಳಿದಳು, ಎಷ್ಟು? ನಾನು ನಾಲ್ಕು ಅಂದೆ. ಅದು ನಿಜದ ಮಾತೇ. ಅಲ್ಲಿಂದ ಮುಂದೆ ಕಾಡು ಮುಗಿಯುವವರೆಗೂ ಅದು ನಾಲ್ಕಕ್ಕಿಂತ ಇಳಿಯಲಿಲ್ಲ, ಏರಲೂ ಇಲ್ಲ.

ಬತ್ತೇರಿಯ ಬಸ್‌ಸ್ಟಾಂಡಿನಲ್ಲಿ ಮಗಳು ನಿಂತಿದ್ದಳು. ನಾನು ಇಳಿದದ್ದು ನೋಡಿ ಕೈಯಲ್ಲಿದ್ದ ಛತ್ರಿಯನ್ನು ಕೆಳಗೆ ಹಾಕಿಬಿಟ್ಟಳು. "ಅಮ್ಮಾ, ಎಂಗೆ ಕರ್ಕಂಡ್ ಬಂದೆ?" ಅಂದಳು. "ಕೊಂಡ್ಕಂಡ್ ಬಂದೆ" ಅಂದಳು ಇವಳು.

ಮರುದಿನ ಬೆಳಿಗ್ಗೆ ಹಸು ಬಂತು. ಕೆಂದ ಹಸು, ಕೊಂಬಿಗೆ ಚೆಂಡುಹೂವಿನ ಹಾರ, ಹಿಂದೆ ಕರು. ಹಗ್ಗ ನನ್ನ ಕೈಗೆ ಕೊಟ್ಟರು. ಹೊಸಿಲಿನವರೆಗೆ ರಾಣಿಯ ಹಾಗೆ ಬಂದದ್ದು ಹೊಸಿಲಿನಲ್ಲಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಒಳಗೆ ಕನ್ನಡಿಯಂಥಾ ಟೈಲ್ಸ್. ಪುರೋಹಿತರು ಮುಹೂರ್ತ ಅಂದರು, ಅಳಿಯನ ಕಡೆಯವರು ಹಿಂದಿನಿಂದ ತಳ್ಳಲು ಬಂದರು, ಯಾರೋ ಬಾಲ ತಿರುಚಲು ಹೋದರು. ನಾನು ಎಲ್ಲರನ್ನೂ ದೂರ ನಿಲ್ಲಿಸಿದೆ. ಅದರ ಗೊರಸು ನೋಡಿದೆ. ಹೆಗಲಿಂದ ಟವೆಲ್ ತೆಗೆದು, ಬಕೆಟ್ಟಿನಲ್ಲಿ ಅದ್ದಿ, ಟೈಲ್ಸ್ ಮೇಲೆ ಅದರ ಮುಂಗಾಲಿನ ಎದುರಿಗೆ ಹಾಸಿದೆ. ಕೊರಳಡಿಯ ಗಂಗೆದೊಗಲು ಸವರುತ್ತಾ ಪಕ್ಕದಲ್ಲಿ ಸುಮ್ಮನೆ ನಿಂತೆ. ಅದು ಮೂಸಿತು, ಒಂದು ಕಾಲಿಟ್ಟಿತು. ಜಾರಲಿಲ್ಲ. ಇನ್ನೊಂದು ಇಟ್ಟಿತು. ಒಳಗೆ ಹೋದದ್ದೇ ಹಾಲ್ ನಡುವೆ ನಿಂತು ಗಂಜಲ ಹುಯ್ಯಿತು. 'ಶುಭ ಅಂದ್ರೆ ಶುಭ' ಎಂದು ಎಲ್ಲರೂ ಕೂಗಿದರು. ಹಾಲಿನ ಪಾತ್ರೆ ಹಿಡಿದು ನನ್ನ ಹಿಂದೆಯೇ ಬಂದ ಮಗಳು ಮೂಗು ಮುಚ್ಚಿಕೊಂಡು, ಅಳುತ್ತಾ, ನಗುತ್ತಾ, ನನ್ನ ತೋಳು ಹಿಡಿದುಕೊಂಡಿದ್ದಳು.

ಸಂಜೆ ನಾಲ್ಕರ ಹೊತ್ತಿಗೆ ನೆಂಟರೆಲ್ಲ ಕರಗಿದರು. ನಾನು ಹೊಸ ಜಗಲಿಯಲ್ಲಿ ಕುಳಿತು ಮಗಳು ಮಾಡಿದ ಕಾಫಿ ಕುಡಿಯುತ್ತಿದ್ದೆ, ಎರಡನೆಯ ಲೋಟ. ಫೋನಿನಲ್ಲಿ ಮೇಡಂ ಸಂದೇಶ: ಸೋಮವಾರ ಬರುತ್ತಿದ್ದೀರಲ್ಲಾ, ಕಾಫಿ ನೆನಪಿದೆಯಲ್ಲಾ. ಖಂಡಿತ ಬರುತ್ತೇನೆ ಎಂದು ಒತ್ತಿದೆ. ಮೊದಲಾದರೆ ಕಾರಣ ಹುಡುಕಲು ಹೊರಟಿದ್ದೆ. ಈಗ ಬಾಗಿಲಿನಾಚೆ ನನಗೂ ಕುದುರೆ ಇಟ್ಟಿದ್ದಾರೋ ಇಲ್ಲವೋ ನೋಡಲೇಬೇಕಿತ್ತು.

ಹೆಂಡತಿ ಚೀಲ ಹಿಡಿದು ಹೊರಗೆ ಬಂದಳು. "ಏಳಿ. ಬಸ್ಸಿನ ಟೈಮಾಯ್ತು. ಕತ್ಲಾದ್ಮೇಲೆ ಕಾಡಿನ್ ಗೇಟ್ ಆಕ್ಬುಡ್ತಾರೆ."

ಆಗ ನನಗೆ ಹೊಳೆಯಿತು. ಎಳೆಯ ದಲ್ಲಾಳಿಯೂ ಮಾಡದ ತಪ್ಪನ್ನು ಇಷ್ಟು ಬುದ್ಧಿವಂತೆ ಮಾಡಿದ್ದಳು.

"ವ್ಯಾಪಾರ ಆಗಿದ್ದು ಬರಾಕೆ" ಅಂದೆ, ಲೋಟ ಕೆಳಗಿಡದೆ. "ವಾಪಸ್ ಓಗದು ಅದ್ರಲ್ಲಿರ್ಲಿಲ್ಲ."

ಅವಳು ನಿಂತಳು. ನನ್ನನ್ನು ನೋಡಿದಳು. ಒಳಗಿನಿಂದ ಮಗಳು ಜೋರಾಗಿ ನಕ್ಕಳು. ಹೆಂಡತಿ ಚೀಲ ಕೆಳಗಿಟ್ಟು, ಅಂಗಳದ ತಂತಿಯ ಮೇಲೆ ಒಣಗಿಹಾಕಿದ್ದ ಟವೆಲ್ ಎಳೆದುಕೊಂಡು ಬಂದಳು. ಅದಿನ್ನೂ ಒದ್ದೆ, ಗೊರಸಿನ ಗುರುತು ಪೂರ್ತಿ ಹೋಗಿರಲಿಲ್ಲ. ನನ್ನ ಪಕ್ಕ ಕುಳಿತು, ಇಬ್ಬರ ಕೈಗಳ ಮೇಲೂ ಹೊದಿಸಿದಳು.

ವಾಪಸ್ ದಾರಿಗೆ ಎರಡು ಬೆರಳು ಹಿಡಿದಳು.

ನಾನು ಏರಿಸಿದೆ.